ನಮ್ಮ ನಾಣ್ಯದ ರಾಯರು

ಲೋಕದಲ್ಲಿ ಹಣವನ್ನು ಪ್ರೀತಿಸುವವರು ಅಸಂಖ್ಯರು; ಅವರನ್ನು ಕುರಿತು ಹೊಸದಾಗಿ ಬರೆಯತಕ್ಕದ್ದೇನೂ ಉಳಿದಿಲ್ಲ. ಆದರೆ ಯಾವ ಅಂಗಡಿಯಲ್ಲಿಯೂ ಸಲ್ಲದ, ಯಾವ ಸರಕಾರವೂ ಕೈಚಾಚಿ ತೆಗೆದುಕೊಳ್ಳದ, ಹೊಡೆಯಿಸಿದ ರಾಜನೂ ಆತನ ರಾಜ್ಯವೂ ಎರಡೂ ಅಳಿದುಹೋದ ಹಣವನ್ನೇ ಹುಡುಕಿ ಹುಡುಕಿ ತಂದು, ತೂಗಿ, ಅಳೆದು, ಕಾಗದದ ಪುಟ್ಟ ಲಕೋಟೆಗಳಲ್ಲಿ ಮಲಗಿಸಿ, ಮೇಲೆ ಅದರ ಬೆಲೆಯನ್ನು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟು, ಆ ಬೆಲೆಗೆ ಯಾರಾದರೂ ಕೊಳ್ಳಲು ಬಂದರೆ ಅವರನ್ನು ಹಗಲುಗಳ್ಳರೆಂದು ಭಾವಿಸುವ ಒಂದು ಸಣ್ಣ ಪಂಗಡವುಂಟು. ಈ ಪಂಗಡದವರು ಊರಿಗೊಬ್ಬರಾದರೂ ಇರುತ್ತಾರೆ. ನಮ್ಮ ಬಡಾವಣೆಯ ಪಾಲಿಗೆ ಬಂದವರು ರಾಯರು.

ರಾಯರು ರೈಲ್ವೆಯ ಲೆಕ್ಕಪತ್ರದ ಕಚೇರಿಯಲ್ಲಿ ಸೇವೆ ಮುಗಿಸಿ ನಿವೃತ್ತರಾದವರು. ಸಮುದ್ರವನ್ನು ಮಂಗಳೂರಿನಲ್ಲಿ ಒಮ್ಮೆ ನೋಡಿದ್ದಾರೆ; ಅದನ್ನು ದಾಟಿದವರಲ್ಲ. ಆದರೂ ಅವರ ಒಲವು ವಿಜಯನಗರದ ವರಹಗಳ ಮೇಲಾಗಲಿ ಮೈಸೂರಿನ ಆನೆಕಾಸುಗಳ ಮೇಲಾಗಲಿ ನಿಲ್ಲದೆ, ನೇರವಾಗಿ ಯೂರೋಪಿಗೆ ಹಾರಿತು. ಏಕೆಂದು ಕೇಳಿದರೆ, ನಮ್ಮ ಊರಿಗೂ ಯೂರೋಪಿನ ನಾಣ್ಯಕ್ಕೂ ಇರುವ ಸಂಬಂಧ ತಮ್ಮಿಂದ ಆರಂಭವಾದುದಲ್ಲವೆಂದು ಅವರು ವಾದಿಸುತ್ತಾರೆ. 1891ರಲ್ಲಿ ಯಶವಂತಪುರದ ಬಳಿ ರೈಲುದಾರಿಯ ಕೆಲಸಕ್ಕಾಗಿ ಮಣ್ಣು ಅಗೆಯುತ್ತಿದ್ದಾಗ ಮಡಕೆಯೊಂದರಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಅಂಥವೇ ಸಿಕ್ಕಿವೆ. ಈ ಸಂಗತಿಯನ್ನು ಹೇಳುವಾಗ ರಾಯರು ‘ರೈಲುದಾರಿಯ ಕೆಲಸಕ್ಕಾಗಿ’ ಎಂಬ ಮಾತನ್ನು ಸ್ವಲ್ಪ ಒತ್ತಿ ಹೇಳುವರು. ಭಾರತೀಯ ನಾಣ್ಯಶಾಸ್ತ್ರಕ್ಕೆ ತಮ್ಮ ಇಲಾಖೆಯ ಕಾಣಿಕೆಯೂ ದಾಖಲೆಗೆ ಸೇರಲಿ ಎಂಬುದು ಅವರ ಅಪೇಕ್ಷೆ.

ರಾಯರಲ್ಲಿ ದೋಷಗಳು ಹಲವಿವೆ. ಅವುಗಳಲ್ಲಿ ನನ್ನನ್ನು ಹೆಚ್ಚಾಗಿ ದಂಡಿಸಿದ್ದು ಅವರ ಪರೀಕ್ಷಾವ್ಯಸನ. ಸಾಮಾನ್ಯ ಮನುಷ್ಯನಾದವನು ತನ್ನಲ್ಲಿರುವ ಅಪರೂಪದ ವಸ್ತುವನ್ನು ಅತಿಥಿಗೆ ತೋರಿಸಿ, ‘ಇದು ಇಂಥದು’ ಎಂದು ಹೇಳುತ್ತಾನೆ; ಅತಿಥಿಯೂ ‘ಆಹಾ’ ಎನ್ನುತ್ತಾನೆ; ಇಬ್ಬರೂ ಕಾಫಿ ಕುಡಿಯುತ್ತಾರೆ. ರಾಯರ ಕ್ರಮ ಹೀಗಲ್ಲ. ಅವರು ನಾಣ್ಯವನ್ನು ನಿಮ್ಮ ಅಂಗೈಯ ಮೇಲಿಟ್ಟು, ಇನ್ನೊಂದು ಕೈಗೆ ಭೂತಗನ್ನಡಿಯನ್ನು ಕೊಟ್ಟು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ‘ಇದೇನೆಂದು ಹೇಳಿ ಸ್ವಾಮಿ, ನೋಡೋಣ’ ಎನ್ನುವರು. ನೀವು ಉತ್ತರಿಸುವವರೆಗೆ ಕಾಫಿ ಒಳಗಿನಿಂದ ಬಾರದು; ಬಂದರೂ ಅದನ್ನು ಕುಡಿಯಲು ನಿಮಗೆ ಬಿಡುವಿರುವ ಕೈಯಿಲ್ಲ.

‘ಹೆಲ್ವೇಷಿಯ’ ಎಂದು ಬರೆದಿರುವ ನಾಣ್ಯವನ್ನು ಭೂಪಟದಲ್ಲಿ ಆ ಹೆಸರಿನ ದೇಶವಿಲ್ಲದಿದ್ದರೂ ಸ್ವಿಟ್ಜರ್ಲೆಂಡಿನದೆಂದು ಗುರುತಿಸಬೇಕು. ‘ಸುಓಮಿ’ ಎಂದಿದ್ದರೆ ಫಿನ್ಲೆಂಡು, ‘ಮಗ್ಯಾರ್’ ಎಂದಿದ್ದರೆ ಹಂಗೆರಿ. ಇಷ್ಟನ್ನು ನಾನು ಪೆಟ್ಟು ತಿಂದು ಕಲಿತುಕೊಂಡ ಮೇಲೆ ಅವರು ಫ್ರಾನ್ಸಿನ ಒಂದು ದೊಡ್ಡ ಬೆಳ್ಳಿಯ ನಾಣ್ಯವನ್ನು ಹೊರತೆಗೆದರು. ಅದರ ಇಸವಿಯನ್ನು ಓದೆಂದರು. ‘13’ ಎಂದಿತ್ತು. ಕ್ರಿಸ್ತಶಕ 13ರಲ್ಲಿ ನೆಪೋಲಿಯನ್ ಹುಟ್ಟಿರಲಿಲ್ಲವೆಂಬಷ್ಟು ಇತಿಹಾಸ ನನಗೂ ಗೊತ್ತಿದ್ದುದರಿಂದ ಸುಮ್ಮನೆ ಕುಳಿತೆ. ಆಗ ರಾಯರ ಮುಖದಲ್ಲಿ ಮೂಡಿದ ಆನಂದವನ್ನು ಬಣ್ಣಿಸಲಾರೆ. ಫ್ರಾನ್ಸಿನ ಕ್ರಾಂತಿಕಾರರು ಹಳೆಯ ಪಂಚಾಂಗವನ್ನೇ ಕಿತ್ತೆಸೆದು ತಮ್ಮ ಗಣರಾಜ್ಯದಿಂದ ಹೊಸ ಶಕವನ್ನು ಆರಂಭಿಸಿದರೆಂದೂ, ಅದರ ಹದಿಮೂರನೆಯ ವರ್ಷವೆಂದರೆ 1804ರ ಸೆಪ್ಟೆಂಬರಿನಿಂದ 1805ರ ಸೆಪ್ಟೆಂಬರಿನವರೆಗಿನ ಕಾಲವೆಂದೂ, 1806 ಕಾಲಿಡುತ್ತಿದ್ದಂತೆ ನೆಪೋಲಿಯನ್ ಆ ಶಕವನ್ನೇ ರದ್ದುಮಾಡಿದನೆಂದೂ ವಿವರಿಸಿ, ‘ಈಗ ಎರಡೂ ಮುಖಗಳನ್ನು ಸೇರಿಸಿ ಓದಿ’ ಎಂದರು. ಒಂದು ಮುಖದಲ್ಲಿ ‘ಚಕ್ರವರ್ತಿ ನೆಪೋಲಿಯನ್’, ಇನ್ನೊಂದರಲ್ಲಿ ‘ಫ್ರೆಂಚ್ ಗಣರಾಜ್ಯ’! ಅರಸರೇ ಬೇಡವೆಂದು ಅರಸನ ತಲೆ ಕಡಿದ ರಾಜ್ಯ, ಅದೇ ಗಣರಾಜ್ಯದ ಹೆಸರಿನ ಬೆನ್ನಿಗೇ ಚಕ್ರವರ್ತಿಯ ತಲೆಯನ್ನು ಅಚ್ಚೊತ್ತಿ 1808ರವರೆಗೂ ಏನೂ ಆಗದವರಂತೆ ವ್ಯವಹರಿಸಿತು. ರಾಜಕೀಯದಲ್ಲಿ ಹೇಳುವುದೊಂದು ಮಾಡುವುದೊಂದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆಯನ್ನು ನಾನು ಬೇರೆಲ್ಲಿಯೂ ಕೈಯಲ್ಲಿ ಹಿಡಿದು ನೋಡಿಲ್ಲ. ರಾಯರ ಮೇಲೆ ಬಂದಿದ್ದ ಕೋಪ ಅರ್ಧ ಇಳಿಯಿತು. ಕಾಫಿ ಮಾತ್ರ ಪೂರ್ತಿ ಆರಿತ್ತು.

ಗುರುತಿಸುವುದಾದ ಮೇಲೆ ಬೆಲೆ ಕಟ್ಟುವುದು. ಇದು ಇನ್ನೂ ಕಠಿನವಾದ ಶಾಸ್ತ್ರ. ಹಳೆಯದೆಲ್ಲ ಬೆಲೆಯುಳ್ಳದ್ದೆಂದು ನಂಬುವ ನಮ್ಮಂಥ ಪಾಮರರಿಗೆ ರಾಯರು ಮೊದಲು ಉಪದೇಶಿಸುವ ಸೂತ್ರವೆಂದರೆ, ವಯಸ್ಸಿಗೂ ಬೆಲೆಗೂ ಸಂಬಂಧವಿಲ್ಲ ಎಂಬುದು. ‘ಹಾಗಿದ್ದರೆ ನನಗೇ ಎಷ್ಟೋ ಬೆಲೆ ಬರಬೇಕಾಗಿತ್ತಲ್ಲ?’ ಎಂದು ನಗುವರು. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಎಂಥ ಸ್ಥಿತಿಯಲ್ಲಿದೆ ಎಂಬ ಮೂರೇ ಪ್ರಶ್ನೆಗಳು. ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮ ಮೂರಕ್ಷರದ ಮುದ್ರೆಯನ್ನು ಹೆಣೆದು 1726ರಿಂದೀಚೆಗೆ ಹೊಡೆಯಿಸಿದ ತಾಮ್ರದ ಡೌಟು ಎಂಬ ಕಾಸು ಇಷ್ಟು ಹಳೆಯದಾದರೂ ರಾಶಿರಾಶಿಯಾಗಿ ದೊರೆಯುತ್ತದೆ. ಅದನ್ನು ಕೊಂಡವನಿಗೆ ಮಾರುವ ಯೋಗವಿಲ್ಲ. ಆದರೆ ಇಂಗ್ಲೆಂಡಿನ 1933ರ ಪೆನ್ನಿ ಮೊನ್ನೆ ಮೊನ್ನೆಯದು. ಚಲಾವಣೆಯಲ್ಲಿ ಪೆನ್ನಿಗಳು ಬೇಕಾದಷ್ಟಿದ್ದುದರಿಂದ ಆ ವರ್ಷ ಲಂಡನ್ನಿನ ಟಂಕಸಾಲೆಯವರು ಬಳಕೆಗೆಂದು ಹೊಡೆಯಲಿಲ್ಲ. ಕಟ್ಟಡಗಳ ಅಸ್ತಿಭಾರದಲ್ಲಿ ಆಯಾ ವರ್ಷದ ನಾಣ್ಯಗಳನ್ನಿಡುವ ಸಂಪ್ರದಾಯಕ್ಕಾಗಿ ಬೆರಳೆಣಿಕೆಯಷ್ಟನ್ನು ಮಾತ್ರ ಮಾಡಿದರು. ಅದರ ಬೆಲೆಗೆ ಒಂದು ಮನೆ ಬರುತ್ತದೆ. ಈ ಕಥೆಯನ್ನು ರಾಯರು ಬಡಾವಣೆಯಲ್ಲಿ ಪ್ರಚಾರಮಾಡಿದುದರ ಫಲವಾಗಿ, ಅಜ್ಜನ ಪೆಟ್ಟಿಗೆಯಲ್ಲಿ ಐದನೆಯ ಜಾರ್ಜಿನ ಪೆನ್ನಿಯಿದ್ದವರೆಲ್ಲ ಅವರ ಮನೆಗೆ ಯಾತ್ರೆ ಬಂದರು. ಒಂದರ ಮೇಲಾದರೂ 1933 ಇರಲಿಲ್ಲ.

ಬಂದವರ ಆಸೆಯನ್ನು ರಾಯರು ಮುರಿಯುವ ರೀತಿಯಲ್ಲಿ ಕರುಣೆಯ ಲೇಶವೂ ಇರುವುದಿಲ್ಲ. ಪಕ್ಕದ ಬೀದಿಯ ಯುವಕನೊಬ್ಬ 500 ಮಾರ್ಕೆಂದು ಬರೆದಿರುವ ಜರ್ಮನಿಯ ನಾಣ್ಯವನ್ನು ರೇಷ್ಮೆಯ ಬಟ್ಟೆಯಲ್ಲಿ ಸುತ್ತಿ ತಂದ. ರಾಯರು ಅದನ್ನು ಅಂಗೈಯಲ್ಲಿ ಎತ್ತಿ ಹಾಕಿ ನೋಡಿ, ‘ಅಲ್ಯುಮಿನಿಯಂ. 1923’ ಎಂದರು. ಆ ವರ್ಷದ ಕೊನೆಗೆ ಜರ್ಮನಿಯಲ್ಲಿ ಒಂದು ಡಾಲರಿಗೆ 4,20,000 ಕೋಟಿ ಮಾರ್ಕುಗಳಾಗಿದ್ದವೆಂದೂ, ಈ 500ರಿಂದ ಆಗಲೇ ಏನೂ ಬರುತ್ತಿರಲಿಲ್ಲವೆಂದೂ, ಈಗ ಅದರಿಂದ ಒಂದು ಲೋಟ ಕಾಫಿಯಾದರೂ ಬರಬಹುದಾದ್ದರಿಂದ ನಾಣ್ಯದ ಸ್ಥಿತಿ ಬಹಳ ಸುಧಾರಿಸಿದೆಯೆಂದೂ ತಿಳಿಸಿದರು. ಯುವಕ ರೇಷ್ಮೆಯ ಬಟ್ಟೆಯನ್ನು ಮಡಿಸಿಕೊಂಡು, ನಾಣ್ಯವನ್ನು ಅಲ್ಲಿಯೇ ಬಿಟ್ಟು ಹೋದ. ರಾಯರು ಮರುದಿನ ಅವನ ಮನೆಗೇ ಹೋಗಿ ಅದನ್ನು ಹಿಂದಿರುಗಿಸಿ ಬಂದರೆಂಬುದನ್ನೂ ನಾನು ಹೇಳಬೇಕು.

ನಾಣ್ಯದ ಸ್ಥಿತಿಯ ವಿಷಯದಲ್ಲಿ ಅವರ ಮನೆಯಲ್ಲಿಯೇ ಮತಭೇದವಿದೆ. ಕಾಲ ಲೋಹದ ಮೇಲೆ ಎಳೆದ ಕಂದುಬಣ್ಣದ ಪೊರೆಯೇ ನಾಣ್ಯದ ಪ್ರಾಣವೆಂದೂ, ಉಜ್ಜಿದ ನಾಣ್ಯವನ್ನು ತಿಳಿದವರು ಕಣ್ಣೆತ್ತಿ ನೋಡರೆಂದೂ ರಾಯರ ಸಿದ್ಧಾಂತ. ಈ ಸಿದ್ಧಾಂತವನ್ನು ಅರಿಯದ ಅವರ ಪತ್ನಿ ವರಮಹಾಲಕ್ಷ್ಮೀ ವ್ರತದ ಹಿಂದಿನ ದಿನ ಪೂಜೆಯ ತಾಮ್ರದ ಪಾತ್ರೆಗಳೊಂದಿಗೆ ಡಚ್ಚರ ಕಾಸುಗಳನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಸಾಲಾಗಿ ಇಟ್ಟರು. ಎರಡು ಶತಮಾನಗಳು ಬಚ್ಚಲಿನಲ್ಲಿ ಹರಿದುಹೋದವು. ರಾಯರು ಕೂಗಾಡಲಿಲ್ಲ, ಅಂದು ಊಟ ಮಾಡಲಿಲ್ಲ, ಅಷ್ಟೆ. ಆಕೆ ನನ್ನನ್ನು ಕರೆದು, ‘ನೀವೇ ಹೇಳಿ ಅಣ್ಣ, ಹೊಳಪಿಗೆ ಬೆಲೆಯೋ ಕಿಲುಬಿಗೆ ಬೆಲೆಯೋ?’ ಎಂದು ಕೇಳಿದರು. ಪತಿಪತ್ನಿಯರ ನಡುವೆ ತೀರ್ಪು ಹೇಳುವಷ್ಟು ಅವಿವೇಕಿ ನಾನಲ್ಲವಾದ್ದರಿಂದ ಹಬ್ಬದ ಒಬ್ಬಟ್ಟಿನ ಮಾತೆತ್ತಿದೆ.

ಇವೆಲ್ಲ ಅವರ ಮನೆಯೊಳಗಿನ ಲೀಲೆಗಳು. ಆದರೆ ನನ್ನ ಅಣ್ಣನ ಮಗಳ ಮದುವೆಯಲ್ಲಿ ರಾಯರು ನಡೆಸಿದ ಪರೀಕ್ಷೆಯನ್ನು ನೆನೆದರೆ ಈಗಲೂ ನನ್ನ ಎದೆ ಹಾರುತ್ತದೆ. ಬೀಗರು ಸಾಗರದ ಕಡೆಯ ಅಡಿಕೆ ತೋಟದ ಕುಳ. ಮಾತು ಕಡಿಮೆ, ನೋಟ ತೀಕ್ಷ್ಣ. ನಮ್ಮ ಅತ್ತಿಗೆ ತನ್ನ ಅಜ್ಜಿಯಿಂದ ಬಂದ ಪುತ್ಥಳಿ ಸರವನ್ನು ಮಗಳ ಕೊರಳಿಗೆ ಹಾಕಿದ್ದಳು. ಧಾರೆಗೆ ಮುಂಚೆ ಹೆಣ್ಣನ್ನು ನೋಡಿ ಹರಸಲೆಂದು ಬಂದ ರಾಯರ ದೃಷ್ಟಿ ಹೆಣ್ಣಿನ ಮೇಲೆ ಬೀಳಲಿಲ್ಲ. ಸರದ ಮೇಲೆ ಬಿತ್ತು. ಜುಬ್ಬದ ಜೇಬಿನಿಂದ ಭೂತಗನ್ನಡಿ ಹೊರಬಂತು. ‘ಕೊಂಚ ತೆಗೆದುಕೊಡಮ್ಮ’ ಎಂದು ಸರವನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದರು. ಅವರ ಹಿಂದೆ ಹುಡುಗರು, ಹುಡುಗರ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಏನಾಯಿತೆಂದು ತಿಳಿಯದೆ ಬಂದ ಬೀಗರು. ರಾಯರಿಗೆ ಕಿವಿ ಸ್ವಲ್ಪ ಮಂದ. ಆದ್ದರಿಂದ ಮಾತು ಬಹಳ ಜೋರು. ವಾಲಗದವರು ಉಸಿರು ತೆಗೆದುಕೊಳ್ಳಲೆಂದು ನಿಲ್ಲಿಸಿದ ಸರಿಯಾದ ಕ್ಷಣದಲ್ಲಿ ಅವರು ಭೂತಗನ್ನಡಿಯನ್ನು ಕೆಳಗಿಳಿಸಿ, ಇಡೀ ಛತ್ರಕ್ಕೆ ಕೇಳುವಂತೆ, ‘ಎಲ್ಲವೂ ನಕಲಿ!’ ಎಂದರು.

ಆಮೇಲೆ ನಡೆದುದನ್ನು ಕ್ರಮವಾಗಿ ಹೇಳುವುದು ಸಾಧ್ಯವಿಲ್ಲ. ಅತ್ತಿಗೆ ಗೋಡೆಗೆ ಒರಗಿದಳು. ಪುರೋಹಿತರು ಗಡಿಯಾರ ನೋಡಿದರು. ಬೀಗರು ಏನೂ ಆಡದೆ ಶಲ್ಯವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಅವರ ಕಡೆಯವರಿಗೆ ಅದರ ಅರ್ಥ ಗೊತ್ತಿದ್ದಂತೆ ತೋರಿತು, ಎಲ್ಲರೂ ಎದ್ದು ನಿಂತರು. ಅಣ್ಣ ನನ್ನನ್ನು ನೋಡಿದ ನೋಟದಲ್ಲಿ, ಈ ಮನುಷ್ಯನನ್ನು ಆಹ್ವಾನಿಸಿದವನು ನೀನಲ್ಲವೇ ಎಂಬ ಪ್ರಶ್ನೆಯಿತ್ತು. ಕೊನೆಗೆ ಅಕ್ಕಸಾಲೆ ಆಚಾರ್ಯರನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಂದರು. ಅವರು ಒರೆಗಲ್ಲಿನ ಮೇಲೆ ಎರಡು ಗೆರೆ ಎಳೆದು, ಕಣ್ಣು ಕಿರಿದುಮಾಡಿ ನೋಡಿ, ‘ಇಂಥ ಚಿನ್ನ ಈಗೆಲ್ಲಿ ಬರುತ್ತದೆ ಸ್ವಾಮಿ’ ಎಂದಾಗ ಛತ್ರ ಉಸಿರಾಡಿತು. ಆಗ ರಾಯರಿಗೆ ನಿಜವಾಗಿಯೂ ಆಶ್ಚರ್ಯ! ‘ಚಿನ್ನ ಅಪ್ಪಟವಲ್ಲವೆಂದು ಯಾರು ಹೇಳಿದರು? ನಾಣ್ಯ ನಕಲಿ ಎಂದೆ. ಎರಡೂ ಬೇರೆ ಬೇರೆ ವಿಷಯ.’

ಎದ್ದು ನಿಂತಿದ್ದ ಬೀಗರನ್ನೇ ಕೂರಿಸಿಕೊಂಡು ಅವರು ಉಪನ್ಯಾಸಕ್ಕೆ ತೊಡಗಿದರು. ಇಟಲಿಯ ವೆನಿಸ್ ಪಟ್ಟಣದವರು 1284ರಲ್ಲಿ ಮೂರೂವರೆ ಗ್ರಾಮಿನ ಒಂದು ಚಿನ್ನದ ನಾಣ್ಯವನ್ನು ಹೊಡೆಯಲಾರಂಭಿಸಿ, 1797ರಲ್ಲಿ ನೆಪೋಲಿಯನ್ ಆ ಗಣರಾಜ್ಯವನ್ನು ಕೊನೆಗಾಣಿಸುವವರೆಗೆ, ಐನೂರು ವರ್ಷ ಅದರ ತೂಕವನ್ನಾಗಲಿ ಶುದ್ಧಿಯನ್ನಾಗಲಿ ಚಿತ್ರವನ್ನಾಗಲಿ ಬಹುಮಟ್ಟಿಗೆ ಬದಲಿಸಲಿಲ್ಲ. ಒಂದು ಮುಖದಲ್ಲಿ ಪಟ್ಟಣದ ಅಧಿಪತಿಯಾದ ಡೋಜ್ ಸಂತ ಮಾರ್ಕನ ಮುಂದೆ ಮೊಣಕಾಲೂರಿ ಧ್ವಜವನ್ನು ಪಡೆಯುತ್ತಾನೆ. ಇನ್ನೊಂದರಲ್ಲಿ ಬಾದಾಮಿಯಾಕಾರದ ಮಂಡಲದೊಳಗೆ ನಕ್ಷತ್ರಗಳ ನಡುವೆ ಕ್ರಿಸ್ತ. ಇಷ್ಟು ಸ್ಥಿರವಾದ ನಾಣ್ಯವನ್ನು ನಂಬದ ವರ್ತಕನಿರಲಿಲ್ಲ. ಮೆಣಸಿನ ಬೆಲೆಯಾಗಿ ಅದು ಪಶ್ಚಿಮ ಕರಾವಳಿಗೆ ಬಂದು ಸೇರಿತು, ಇಲ್ಲಿಯ ಹೆಂಗಸರ ಕೊರಳನ್ನೂ ಏರಿತು. ಬೇಡಿಕೆ ಹೆಚ್ಚಿದಾಗ ನಮ್ಮ ಅಕ್ಕಸಾಲೆಗಳೇ ಒಳ್ಳೆಯ ಚಿನ್ನದಲ್ಲಿ ಅದನ್ನು ಅನುಕರಿಸಿದರು. ಅವರಿಗೆ ಲ್ಯಾಟಿನ್ ಬಾರದು. ಆದ್ದರಿಂದ ಅಂಚಿನ ಅಕ್ಷರಗಳು ಕಡ್ಡಿಗಳಾದುವು, ಸಂತನೂ ಡೋಜನೂ ಎರಡು ಬೊಂಬೆಗಳಾದರು. ‘ನೋಡಿ, ಧ್ವಜದ ಕೋಲಿನ ಪಕ್ಕದಲ್ಲಿ ಡೋಜನ ಬಿರುದಿನ ಮೂರಕ್ಷರ ಒಂದರ ಕೆಳಗೊಂದು ಇರಬೇಕಾಗಿತ್ತು. ಇಲ್ಲಿ ಮೂರು ಚುಕ್ಕೆಗಳಿವೆ.’

ಬೀಗರು ಭೂತಗನ್ನಡಿಯನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಬಳಿಕ ಆ ದಿನದ ತಮ್ಮ ಮೊದಲನೆಯ ಮಾತನ್ನಾಡಿದರು: ‘ಇವ ನಮ್ಮ ಕೊನೆಗೌಡನೇ ಸೈ. ಮರ ಹತ್ತುತ್ತಾ ಇದಾನೆ.’

ರಾಯರು ಕುರ್ಚಿಯಿಂದ ಎದ್ದೇಬಿಟ್ಟರು. ತಮಿಳುನಾಡಿನಲ್ಲಿ ಜನ ಇದೇ ನಾಣ್ಯವನ್ನು ಶಾನಾರ ಕಾಸು ಎಂದು ಕರೆಯುತ್ತಿದ್ದರು. ಧ್ವಜದ ಕೋಲನ್ನು ತಾಳೆಯ ಮರವೆಂದೂ, ಅದನ್ನು ಹಿಡಿದು ಮೊಣಕಾಲೂರಿದ ಡೋಜನನ್ನು ಹೆಂಡ ಇಳಿಸಲು ಮರ ಹತ್ತುವ ಶಾನಾರನೆಂದೂ ಅವರು ತಿಳಿದಿದ್ದರು. ಅಡಿಕೆಯ ಸೀಮೆಯ ಒಬ್ಬ ಗೃಹಸ್ಥ ಯಾರ ಪ್ರೇರಣೆಯೂ ಇಲ್ಲದೆ ಅದೇ ನಿರ್ಣಯಕ್ಕೆ ಬಂದುದನ್ನು ಕಂಡು ರಾಯರು ಅವರ ಎರಡೂ ಕೈಗಳನ್ನು ಹಿಡಿದುಕೊಂಡರು. ಮದುವೆ ಮುಹೂರ್ತ ಮೀರದಂತೆ ನಡೆಯಿತು. ಅಂದಿನಿಂದ ಬೀಗರು ನಮಗೆ ಪತ್ರ ಬರೆಯುವುದು ವಿರಳ. ರಾಯರಿಗೆ ಪ್ರತಿ ವರ್ಷವೂ ಒಂದು ಚೀಲ ಅಡಿಕೆ ಕಳಿಸುತ್ತಾರೆ.

ಇಂಥ ರಾಯರ ಬಳಿ ದಪ್ಪ ರಟ್ಟಿನ ಒಂದು ಖಾತೆಪುಸ್ತಕವಿದೆ. ಪ್ರತಿಯೊಂದು ನಾಣ್ಯಕ್ಕೂ ಒಂದು ಸಾಲು: ದೇಶ, ಅರಸ, ಇಸವಿ, ಲೋಹ, ತೂಕ, ವ್ಯಾಸ, ಸ್ಥಿತಿ. ಅನಂತರ ಬೆಲೆಯ ಎರಡು ಅಂಕಣಗಳು. ಮೊದಲನೆಯದು ಪಟ್ಟಿಪುಸ್ತಕದಲ್ಲಿ ಅಚ್ಚಾದ ಬೆಲೆ, ಎರಡನೆಯದು ವ್ಯಾಪಾರಿ ನಿಜವಾಗಿ ಕೊಡುವ ಬೆಲೆ. ಇವೆರಡರ ಅಂತರವನ್ನು ಕಂಡವನಿಗೆ ವೈರಾಗ್ಯಕ್ಕೆ ಬೇರೆ ಗ್ರಂಥ ಬೇಡ. ಕೊನೆಯ ಅಂಕಣಕ್ಕೆ ಶೀರ್ಷಿಕೆಯಿಲ್ಲ. ಆ ನಾಣ್ಯ ಯಾರಿಂದ, ಎಲ್ಲಿ, ಯಾವ ಸಂದರ್ಭದಲ್ಲಿ ಬಂತೆಂಬುದನ್ನು ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ‘ಗುಂತಕಲ್ ಜಂಕ್ಷನ್, ಟೀ ಮಾರುವವನಿಂದ, ಗಾಡಿ ತಡ.’ ‘ದಿವಂಗತ ಅಣ್ಣ, ಯುದ್ಧದಿಂದ ಹಿಂತಿರುಗಿದಾಗ.’ ‘ಮಗ, ಮೊದಲ ಸಂಬಳ.’

ಪುಟಗಳನ್ನು ತಿರುವುತ್ತಿದ್ದಾಗ ನನಗೊಂದು ಸಂಗತಿ ಹೊಳೆಯಿತು. ಜೀವಮಾನವೆಲ್ಲ ಪುಟದ ಕೆಳಗೆ ಮೊತ್ತ ಹಾಕದೆ ಪುಟ ತಿರುವದಿದ್ದ ಈ ಲೆಕ್ಕಿಗರು ತಮ್ಮ ಖಾತೆಯಲ್ಲಿ ಒಂದು ಪುಟದ ಕೆಳಗೂ ಮೊತ್ತ ಹಾಕಿರಲಿಲ್ಲ. ಮಗ ಪರದೇಶದಿಂದ ಬರೆಯುವ ಕಾಗದಗಳಲ್ಲಿ ‘ಒಟ್ಟು ಎಷ್ಟಾಗಬಹುದು?’ ಎಂದು ಕೇಳುತ್ತಿದ್ದನಂತೆ. ಕೇಳುವುದು ತಪ್ಪೂ ಅಲ್ಲ. ನಾನು ಕೂಡಿಸಿಕೊಡುವೆನೆಂದು ಪೆನ್ಸಿಲು ತೆಗೆದೆ. ರಾಯರು ಖಾತೆಯನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು, ‘ಮೊತ್ತ ಹಾಕುವುದು ಖಾತೆ ಮುಚ್ಚುವಾಗ’ ಎಂದರು. ಬೆಲೆ ಬರೆಯುವುದೆಂದರೆ ಅವರ ಪಾಲಿಗೆ ಆ ನಾಣ್ಯವನ್ನು ಮತ್ತೊಮ್ಮೆ ಕೈಗೆತ್ತಿಕೊಂಡು ನೋಡಲು ಒಂದು ನೆಪವೆಂದು ನನಗೆ ಆಗ ತೋಚಿತು. ನಾವೆಲ್ಲರೂ ಬದುಕಿನಲ್ಲಿ ಇಂಥ ಒಂದು ಖಾತೆಯನ್ನು… ಆದರೆ ಹೀಗೆ ಬರೆಯಹೊರಟರೆ ರಾಯರೇ ನಗುವರು. ಅವರಿಗೆ ಉಪಮಾನಗಳು ಹಿಡಿಸವು, ತೂಕ ಬೇಕು.

ಆದರೂ ಕಳೆದ ಮಳೆಗಾಲಕ್ಕೆ ಮುಂಚೆ ಅವರು ಒಂದು ನಾಣ್ಯವನ್ನು ಮಾರಲು ಒಪ್ಪಬೇಕಾಯಿತು. ತಾರಸಿ ಸೋರುತ್ತಿತ್ತು, ಸೋರಿದ ನೀರು ನೇರವಾಗಿ ನಾಣ್ಯದ ಬೀರುವಿನ ಮೇಲೆ ಬೀಳುತ್ತದೆಂದು ಅವರ ಪತ್ನಿ ಯುಕ್ತಿಯಿಂದ ತೋರಿಸಿಕೊಟ್ಟರು. ರಾಯರು ಒಂದು ವಾರ ಆಲೋಚಿಸಿ, ಏಡನ್ನಿನಲ್ಲಿದ್ದು ಬಂದ ಸಹೋದ್ಯೋಗಿಯೊಬ್ಬರಿಂದ ಕೊಂಡಿದ್ದ ಮರಿಯಾ ತೆರೇಸಾ ಥಾಲರನ್ನು ಆರಿಸಿದರು. ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡು ಪೇಟೆಯ ಹಳೆಯ ನಾಣ್ಯಗಳ ಅಂಗಡಿಗೆ ಹೋದರು.

ವ್ಯಾಪಾರಿ ನಾಣ್ಯವನ್ನು ನೋಡಿದ. ಅಂಗೈ ತುಂಬುವಂಥ ಬೆಳ್ಳಿ. ಒಂದು ಕಡೆ ತುಂಬುಗಲ್ಲದ ರಾಣಿ, ಇನ್ನೊಂದು ಕಡೆ ಎರಡು ತಲೆಯ ಹದ್ದು, ಸ್ಪಷ್ಟವಾಗಿ 1780 ಎಂಬ ಇಸವಿ. ‘ಬಹಳ ಹಳೆಯದು’ ಎಂದು ಮೆಚ್ಚಿ ಅವನು ಹೇಳಿದ ಬೆಲೆಗೆ ತಾರಸಿಯೂ ಆಗಿ ಸುಣ್ಣವೂ ಆಗುತ್ತಿತ್ತು. ನಾನು ರಾಯರ ಮೊಣಕೈ ಮುಟ್ಟಿದೆ. ಅವರು ಅದನ್ನು ಗಮನಿಸಲಿಲ್ಲ.

‘1780ರದ್ದು ಎಂದು ಯಾರು ಹೇಳಿದರು ನಿಮಗೆ?’ ಎಂದರು.

ರಾಣಿ ಸತ್ತದ್ದು 1780ರ ನವೆಂಬರಿನಲ್ಲಿ. ಅರಬ್ಬಿ ದೇಶಗಳಲ್ಲಿಯೂ ಅಬಿಸೀನಿಯದಲ್ಲಿಯೂ ಜನ ಆಕೆಯ ಮುಖವಿಲ್ಲದ ಬೆಳ್ಳಿಯನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಆಸ್ಟ್ರಿಯದವರು ಅದೇ ಇಸವಿಯಿಟ್ಟು ಅದೇ ನಾಣ್ಯವನ್ನು ಹೊಡೆಯುತ್ತಲೇ ಹೋದರು. ಆಕೆಯ ಭುಜದ ಪದಕದಲ್ಲಿ ಮುತ್ತುಗಳು ಸರಿಯಾಗಿವೆಯೇ ಎಂದು ಎಣಿಸಿ ನೋಡಿಯೇ ವರ್ತಕರು ಸ್ವೀಕರಿಸುತ್ತಿದ್ದರಂತೆ. ಮುಸೊಲಿನಿ ಅಬಿಸೀನಿಯದ ಮೇಲೆ ಕಣ್ಣಿಟ್ಟ 1935ರಲ್ಲಿ ವಿಯೆನ್ನಾದಿಂದ ಅಚ್ಚುಗಳನ್ನು ಪಡೆದುಕೊಂಡ. ಅವನಿಗೆ ಇದ್ದ ಮೇಲೆ ತಮಗೂ ಬೇಕೆಂದು ಲಂಡನ್ನಿನವರೂ ಹೊಡೆದರು. ಯುದ್ಧ ಬಂದಾಗ 1940–41ರಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯಲ್ಲಿಯೂ ಹೊಡೆದರು. ಎಲ್ಲದರ ಮೇಲೂ 1780, ಎಲ್ಲದರ ತೂಕವೂ 28 ಗ್ರಾಮಿಗೆ ಒಂದು ಕೂದಲೆಳೆ ಮೇಲು, ಸಾವಿರಕ್ಕೆ 833 ಪಾಲು ಬೆಳ್ಳಿ. ಹದ್ದಿನ ಬಾಲದ ಗರಿಗಳನ್ನೂ ಪದಕದ ಮುತ್ತುಗಳನ್ನೂ ಅಂಚಿನ ಅಲಂಕಾರವನ್ನೂ ಕೂಡಿಸಿ ನೋಡಿಯೇ ಯಾವುದು ಎಲ್ಲಿಯದೆಂದು ನಿರ್ಧರಿಸಬೇಕು. ‘ಇದು ಮುಂಬಯಿಯದು. ಲಕ್ಷಗಟ್ಟಲೆ ಇವೆ. ನೀವು ಹೇಳಿದ ಬೆಲೆ ಅನ್ಯಾಯ.’

ವ್ಯಾಪಾರಿಗೆ, ಹೆಚ್ಚು ಕೇಳಲು ಇದೊಂದು ಹೊಸ ತಂತ್ರವಿರಬೇಕೆಂದು ಸಂಶಯ ಬಂತು. ಬೆಲೆಯನ್ನು ಸ್ವಲ್ಪ ಏರಿಸಿದ. ರಾಯರು ಇನ್ನಷ್ಟು ಆಧಾರಗಳನ್ನು ಮುಂದಿಟ್ಟರು. ಅವನು ಏರಿಸುವುದು, ಇವರು ಇಳಿಸುವುದು. ಮಾರುವವನು ಕೆಳಕ್ಕೂ ಕೊಳ್ಳುವವನು ಮೇಲಕ್ಕೂ ಎಳೆದ ಇಂಥ ಚೌಕಾಸಿಯನ್ನು ಆ ಪೇಟೆ ಮೊದಲು ಕಂಡಿರಲಾರದು. ಕೊನೆಗೆ ಅವನಿಗೆ ರಾಯರ ಮಾತು ನಿಜವೆಂದು ಮನವರಿಕೆಯಾಯಿತು. ಬೆಳ್ಳಿಯ ಬೆಲೆಗೆ ಬೇಕಾದರೆ ತೂಗಿ ತೆಗೆದುಕೊಳ್ಳುವೆನೆಂದ. ‘ಕರಗಿಸುವುದಕ್ಕೆ?’ ಎಂದು ರಾಯರು ನಾಣ್ಯವನ್ನು ಲಕೋಟೆಗೆ ಸೇರಿಸಿ, ಲಕೋಟೆಯನ್ನು ಒಳಜೇಬಿಗೆ ಸೇರಿಸಿ ಹೊರಬಿದ್ದರು.

ಬಸ್ಸಿನಲ್ಲಿ ಅವರು ಕುದಿಯುತ್ತಿದ್ದರು. ತಾರಸಿಯ ಚಿಂತೆಯಿರಬೇಕೆಂದು ಭಾವಿಸಿ ನಾನು ಸಮಾಧಾನ ಹೇಳಹೊರಟೆ. ‘ಅದಲ್ಲ ಸ್ವಾಮಿ,’ ಎಂದರು ರಾಯರು. ‘ಇಷ್ಟು ದೊಡ್ಡ ಅಂಗಡಿ ಇಟ್ಟುಕೊಂಡಿದ್ದಾನೆ, ಮುತ್ತು ಎಣಿಸಿ ತೋರಿಸೋಣವೆಂದರೆ ಅವನ ಹತ್ತಿರ ಒಂದು ನೆಟ್ಟಗಿನ ಭೂತಗನ್ನಡಿ ಇಲ್ಲವಲ್ಲ!’